ಕೆಂಪಾಗದ ಆರತಿ ನೀರು

ಒಂದು ವಿಷಯ ಗೊತ್ತಿರುವುದು ಬೇರೆ, ಗೊತ್ತಿದೆ ಎಂದು ಹೇಳಿಕೊಂಡು ತಿರುಗುವುದು ಬೇರೆ. ಎರಡನೆಯದರಲ್ಲಿ ನನ್ನದು ಎತ್ತಿದ ಕೈ. ಇಪ್ಪತ್ತೆರಡು ವರ್ಷಗಳಿಂದ ಬೆಳಗಾವಿಯ ಟಿಳಕವಾಡಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಓಡಾಡುತ್ತ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಮಾತ್ರ ಕ್ರಿಯೆ ನಡೆಯುತ್ತದೆ. ಅದೂ ಸಾಕಷ್ಟು ಶಕ್ತಿಯಿಂದ, ಸರಿಯಾದ ದಿಕ್ಕಿನಿಂದ ಹೊಡೆಯಬೇಕು. ಇಂಥ ಡಿಕ್ಕಿಗಳು ಹೆಚ್ಚಿದಷ್ಟೂ ಕ್ರಿಯೆಯ ವೇಗ ಹೆಚ್ಚು. ಈ ಪಾಠವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತೇನೆ. ಆದರೆ ನನ್ನ ಹೆಂಡತಿ ಶೈಲಾಗೆ ಇದರ ಮೇಲೆ ಎಳ್ಳಷ್ಟೂ ಗೌರವವಿಲ್ಲ. "ನಿಮ್ಮ ಕೆಮಿಸ್ಟ್ರಿಯಿಂದ ಮನಿಗೆ ಏನ್ ಉಪಯೋಗ ಆಗೇತ್ರಿ?" ಎಂದು ಮದುವೆಯಾದಂದಿನಿಂದ ಕೇಳುತ್ತಲೇ ಇದ್ದಾಳೆ.

ಆ ಪ್ರಶ್ನೆಗೆ ಉತ್ತರ ಕೊಡುವ ಹುಮ್ಮಸ್ಸಿನಲ್ಲೇ ನಾನು ಸಿಕ್ಕಿಬಿದ್ದದ್ದು. ಖಾನಾಪುರದ ನನ್ನ ಅಕ್ಕನ ಮಗ ಮಹೇಶನ ಮದುವೆ ಪಾರಿಶ್ವಾಡದಲ್ಲಿ ಮುಗಿದು, ಮರುದಿನ ಶುಕ್ರವಾರ ಬೆಳಿಗ್ಗೆ ಹೊಸ ಸೊಸೆ ಮನೆ ತುಂಬಬೇಕಿತ್ತು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸ್ತಿಲು ದಾಟಬೇಕು. ದಾಟುವ ಮೊದಲು ಕೆಂಪು ನೀರಿನ ಆರತಿ ಎತ್ತಬೇಕು. ಅರಿಶಿನಕ್ಕೆ ಸುಣ್ಣ ಸೇರಿಸಿ ನೀರಿನಲ್ಲಿ ಕಲಕಿದರೆ ಕೆಂಪಾಗುತ್ತದಲ್ಲ, ಅದು. ಹೆಂಗಸರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಡುವ ಕೆಲಸ. "ಇದು ಶುದ್ಧ ಕೆಮಿಸ್ಟ್ರಿ, ನನಗ ಬಿಡ್ರಿ" ಎಂದೆ. ಕೆಲಸವೊಂದು ಕಡಿಮೆಯಾಯಿತೆಂದು ಅಕ್ಕನಿಗೆ ಖುಷಿ. ಶೈಲಾ ಮಾತ್ರ "ನೋಡೂಣು" ಎಂದಳು.

ಅರಿಶಿನದ ಪುಡಿ ಹಿಂದಿನ ದಿನ ಮದುಮಕ್ಕಳಿಗೆ ಅರಿಶಿನ ಹಚ್ಚಿ ನೀರೆರೆಯುವ ಸುರಗಿಗೇ ಖರ್ಚಾಗಿಹೋಗಿತ್ತು. ಅರಿಶಿನದ ಕೊಂಬುಗಳಿದ್ದವು. ಪುಡಿಯಾದರೇನು, ಕೊಂಬಾದರೇನು, ಎರಡರಲ್ಲಿ ಇರುವುದೂ ಅದೇ ವಸ್ತು ಎಂದುಕೊಂಡೆ. ಭಾವನ ಎಲೆಯಡಿಕೆ ಡಬ್ಬಿಯಲ್ಲಿ ಒಣಗಿ ಕಲ್ಲಾಗಿದ್ದ ಸುಣ್ಣದ ಉಂಡೆಯೊಂದು ಸಿಕ್ಕಿತು. ನಾಲ್ಕು ಕೊಂಬು, ಒಂದು ಉಂಡೆ, ಜನವರಿಯ ಕೊರೆಯುವ ನಳದ ನೀರು. ಎಲ್ಲವನ್ನೂ ತಟ್ಟೆಗೆ ಹಾಕಿ ಬಾಗಿಲ ಬಳಿ ಇಟ್ಟು ಚಹಾ ಕುಡಿಯಲು ಹೋದೆ. ತನ್ನಷ್ಟಕ್ಕೆ ತಾನೇ ನಡೆಯುವ ಕ್ರಿಯೆ, ನಡೆಯುತ್ತದೆ ಎಂಬ ಧೈರ್ಯ. ತನ್ನಷ್ಟಕ್ಕೆ ನಡೆಯುವುದೆಲ್ಲ ಬೇಗ ನಡೆಯುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನೂ ನಾನೇ.

ಹತ್ತೂಕಾಲಿಗೆ ಮದುಮಕ್ಕಳ ಕಾರು ಬಂತು. ತಟ್ಟೆಯಲ್ಲಿ ಕೊಂಬುಗಳು ಒಂದು ಬದಿಗೆ, ಸುಣ್ಣ ಇನ್ನೊಂದು ಬದಿಗೆ, ಮಾತು ಬಿಟ್ಟ ಬೀಗರಂತೆ ಬಿದ್ದಿದ್ದವು. "ಇದೇನೋ ತಮ್ಮಾ, ನೀರು ನೀರಾಗೇ ಐತಿ" ಎಂದು ಅಕ್ಕ ಕಂಗಾಲಾದಳು. ಎಲ್ಲರೂ ಕಾಕು ಎಂದು ಕರೆಯುವ ಪಕ್ಕದ ಮನೆಯ ಹಿರಿಯಾಕೆ "ಕುಂಕುಮ ಹಾಕಿ ಕಲಸಿ ಬಿಡ್ರಿ, ಯಾರಿಗೆ ತಿಳೀತದ" ಎಂದರು. ಅಕ್ಕ ಒಪ್ಪಲಿಲ್ಲ. ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಅರಿಶಿನ-ಸುಣ್ಣದ ಆರತಿಯೇ ನಡೆದು ಬಂದದ್ದು. ನಾನು ಗಂಟಲು ಸರಿಮಾಡಿಕೊಂಡು, ಕಣಗಳ ಡಿಕ್ಕಿ ಯಾಕೆ ತಡವಾಗುತ್ತಿದೆ ಎಂದು ನೆರೆದವರಿಗೆ ವಿವರಿಸತೊಡಗಿದೆ. ಅಕ್ಕನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಶೈಲಾ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಇವತ್ತು ಮಾನ ಹೋದರೆ ಇನ್ನು ಜೀವಮಾನವಿಡೀ ಇದೇ ಕಥೆ ಕೇಳಬೇಕಲ್ಲ ಎಂದು ನಾನು ವಿವರಣೆಯ ದನಿ ಇನ್ನಷ್ಟು ಏರಿಸಿದೆ.

ಆಗ ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತಿದ್ದ ಮದುಮಗಳು ಮೆಲ್ಲಗೆ ಬಾಯಿಬಿಟ್ಟಳು. ಹೆಸರು ಅನ್ನಪೂರ್ಣಾ; ನಾಲ್ಕು ವರ್ಷದ ಹಿಂದೆ ನನ್ನ ತರಗತಿಯಲ್ಲೇ ಕುಳಿತಿದ್ದ ಹುಡುಗಿ. "ಸರ್, ಕೊಂಬು ಕುಟ್ಟಿ ಹಾಕ್ರಿ. ಇಡೀ ಕೊಂಬಿನ ಒಳಗಿನ ಕಣಕ್ಕ ಸುಣ್ಣ ಹೆಂಗ ಮುಟ್ಟಬೇಕ್ರಿ? ಸುಣ್ಣಾನೂ ಒಡೀರಿ. ನೀರು ಸ್ವಲ್ಪ ಬೆಚ್ಚಗಿರ್ಲಿ."

ಖಲಬತ್ತಾ ತರಿಸಿ ಕೊಂಬು ಕುಟ್ಟಿದೆ. ಒಂದು ಕೊಂಬಿನ ಮೈ ಸಾವಿರ ಚೂರಿನ ಮೈಯಾಯಿತು. ಸುಣ್ಣದ ಉಂಡೆ ಒಡೆದರೆ, ಗಾಳಿಗೆ ಸತ್ತಿದ್ದು ಮೇಲಿನ ಸಿಪ್ಪೆ ಮಾತ್ರ, ಒಳಗೆ ಜೀವವಿತ್ತು. ಬಚ್ಚಲ ಹಂಡೆಯಿಂದ ಬೆಚ್ಚನೆಯ ನೀರು ಸುರಿದು ಎಲ್ಲವನ್ನೂ ಕೈಯಿಂದಲೇ ಕಲಕಿದೆ. ಬಿಸಿಗೆ ಕಣಗಳು ಓಡಿದವು, ದೂರ ಕುಳಿತಿದ್ದವು ಎದುರುಬದುರಾದವು. ಹಳದಿ ಮೂಡಿತು, ಕಿತ್ತಳೆಯಾಯಿತು, ನೋಡನೋಡುತ್ತ ಕಡುಗೆಂಪು. ಗಡಿಯಾರದಲ್ಲಿ ಹತ್ತು ಇಪ್ಪತ್ತೇಳು. ಅಕ್ಕ ಆರತಿ ಎತ್ತಿದಳು, ಸೊಸೆ ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ನನಗಾದ ಆನಂದ ಅಷ್ಟಿಷ್ಟಲ್ಲ. ಇಪ್ಪತ್ತೆರಡು ವರ್ಷ ಹಲಗೆಯ ಮೇಲಷ್ಟೇ ನಡೆದಿದ್ದ ಡಿಕ್ಕಿ ಅವತ್ತು ನನ್ನ ಬೆರಳ ಸಂದಿಯಲ್ಲಿ ನಡೆದಿತ್ತು. ಕೆಂಪಾದ ಕೈ ಎತ್ತಿ ತೋರಿಸುತ್ತ ಶೈಲಾಗೆ "ನೋಡಿದಿಲ್ಲ, ನಾ ಕಲಿಸಿದ ಹುಡುಗಿ" ಎಂದೆ. ಅವಳು ಮೊದಲ ಬಾರಿಗೆ ನನ್ನ ಕೆಮಿಸ್ಟ್ರಿಗೆ ಹೌದೆಂದು ತಲೆಯಾಡಿಸಿದಳು.

ಆ ಗೆಲುವು ಹತ್ತು ನಿಮಿಷ ಬಾಳಿತು. ಕಾಲಿಗೆರಗಲು ಬಂದ ಅನ್ನಪೂರ್ಣಾ ನಗುತ್ತ ಹೇಳಿದಳು: "ಸರ್, ಪರೀಕ್ಷಾದಾಗ ಡಿಕ್ಕಿ ಪಾಠಕ್ಕ ನಿತ್ಯಜೀವನದ ಉದಾಹರಣಿ ಕೇಳಿದ್ರಿ. ನಾ ಈ ಆರತಿ ನೀರೇ ಬರದಿದ್ದೆ. ನೀವು 'ಪುಸ್ತಕದಲ್ಲಿ ಇಲ್ಲ' ಅಂತ ಬರದು ಎರಡು ಮಾರ್ಕ್ಸ್ ಕಟ್ ಮಾಡಿದ್ರಿ."

ಆಶೀರ್ವಾದದ ಜೊತೆಗೆ ಆ ಎರಡು ಅಂಕಗಳನ್ನೂ ಅಲ್ಲೇ ಕೊಟ್ಟುಬಿಟ್ಟೆ. ಆದರೆ ಶೈಲಾ ಪಕ್ಕದಲ್ಲೇ ನಿಂತಿದ್ದಳು. ಈಗ ಮನೆಯಲ್ಲಿ ನಾನು ಚಹಾಕ್ಕೆ ಸಕ್ಕರೆ ಸಾಲದು ಎಂದರೂ ಅವಳು ಒಲೆಯಿಂದ ಈಚೆ ತಿರುಗದೆ ಕೇಳುತ್ತಾಳೆ: "ಪುಸ್ತಕದಾಗ ಐತೇನ್ರಿ?"