ಮೇಡಂ ಅವರ ಕೋಳಿ ಇನ್ನೂ ಓಡಾಡುತ್ತಿದೆ

ಪರೋಪಕಾರ ಮಾಡುವವರ ಮುಖದಲ್ಲಿ ಒಂದು ಕಳೆ ಇರುತ್ತದಂತೆ. ಆ ಕಳೆ ನನ್ನ ಮುಖದಲ್ಲೂ ಬಂದಿದೆ ಎಂದು ಸ್ವೀಡನ್ನಿನ ಶೋವ್ಡೆ ಊರಿನ ನಮ್ಮ ಕನ್ನಡದವರು ಹೇಳತೊಡಗಿದಾಗ ನಾನು ಸಂಕೋಚದ ನಟನೆ ಮಾಡಿದೆನೇ ಹೊರತು ಒಳಗೊಳಗೆ ಉಬ್ಬಿಹೋಗಿದ್ದೆ. ಆದರೆ ನಿಮ್ಮ ಹತ್ತಿರ ಏನು ಮುಚ್ಚುಮರೆ! ನಾನು ಆಫ್ರಿಕಾದ ಹಳ್ಳಿಗೆ ಹೋಗಿ ಪುಕ್ಕಟೆ ಪಾಠ ಹೇಳಿಕೊಟ್ಟು ಬಂದದ್ದು ಪರೋಪಕಾರಕ್ಕಲ್ಲ, ಬಿಸಿಲಿಗೆ. ಚಳಿಗಾಲದ ಶೋವ್ಡೆಯಲ್ಲಿ ಬೆಳಗಿನ ತಿಂಡಿಗೂ ದೀಪ, ಮಧ್ಯಾಹ್ನದ ಕಾಫಿಗೂ ದೀಪ. ನಮ್ಮ ಯಜಮಾನರು ಇಲ್ಲಿನ ಇಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಅವರಿಗೆ ಒಳಗೆ ಕೂತರೆ ಹೊರಗಿನ ಪರಿವೆ ಇಲ್ಲ. ಡಾಗಿಸ್ ಎಂಬ ಇಲ್ಲಿನ ಶಿಶುವಿಹಾರದಲ್ಲಿ ಮಕ್ಕಳಿಗೆ ಮೂರು ಪದರ ಬಟ್ಟೆ ತೊಡಿಸಿ ಹೊರಗೆ ಕಳಿಸುವುದು, ಒಳಗೆ ಬಂದ ಮೇಲೆ ಮೂರೂ ಪದರ ಬಿಚ್ಚುವುದು, ಇದೇ ನನ್ನ ಉದ್ಯೋಗ. ತಾಂಜಾನಿಯಾದ ಹಳ್ಳಿ ಶಾಲೆಯೊಂದರ ಜೊತೆ ಸ್ನೇಹ ಇಟ್ಟುಕೊಂಡಿರುವ ಇಲ್ಲಿನ ಸಣ್ಣ ಸಂಘವೊಂದು ಗಣಿತ ಹೇಳಿಕೊಡಲು ಯಾರಾದರೂ ಬೇಕು ಎಂದಾಗ, ಊರಲ್ಲಿ ಹಿಂದೆ ಹೈಸ್ಕೂಲಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು ತಾನೇ ಎಂದು ಕೈ ಎತ್ತಿಬಿಟ್ಟೆ. ಮಗಳು ಸ್ವೀಡಿಷ್‌ನಲ್ಲೇ, "ಹೋಗಿ ಬಾ ಅಮ್ಮ, ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ" ಎಂದಳು. ಅವಳ ದನಿಯಲ್ಲಿದ್ದ ಉತ್ಸಾಹ ನನಗೆ ಅಷ್ಟು ಸರಿಬರಲಿಲ್ಲ.

ಹಳ್ಳಿಯಲ್ಲಿ ಕಾಲಿಟ್ಟ ದಿನವೇ ಮನಸ್ಸು ಹೂವಾಯಿತು. ಎಂಥ ಬಿಸಿಲು! ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ತುಮಕೂರಿನವಳಿಗೆ ಇನ್ನೇನು ಬೇಕು? ನಾನು ಮುದ್ದೆಯನ್ನು ಮುರಿದು ಅಗಿಯದೆ ಗುಳುಕ್ಕನೆ ನುಂಗಿದ್ದನ್ನು ಹೆಡ್‌ಮಾಸ್ಟರ್ ಜೋಸೆಫ್ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಅಲ್ಲಿ ಅಗಿದು ತಿನ್ನುತ್ತಾರೆ, ಪಾಪ, ಗೊತ್ತಿಲ್ಲ.

ಎಡವಟ್ಟು ಮಾಡಿಕೊಂಡದ್ದು ಮರುದಿನ. ಸ್ವೀಡನ್ನಿನಲ್ಲಿ ಯಾರಾದರೂ ಊಟಕ್ಕೆ ಕರೆದರೆ ನಾವು ಏನು ತಿನ್ನುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಮರ್ಯಾದೆ. ಒಬ್ಬರಿಗೆ ಹಾಲು ಆಗದು, ಒಬ್ಬರಿಗೆ ಗೋಧಿ ಆಗದು. ಕೇಳಿಸಿಕೊಂಡವರು ತಲೆಯಾಡಿಸಿ ಅದಕ್ಕೆ ತಕ್ಕಂತೆ ಅಡುಗೆ ಮಾಡುತ್ತಾರೆ. ಈ ಅಭ್ಯಾಸ ನನಗೆ ಮೈಗಂಟಿಬಿಟ್ಟಿದೆ. ಶಾಲೆಯ ಅಂಗಳದಲ್ಲಿ ಮಕ್ಕಳು, ಅವರ ಮನೆಯವರು ಎಲ್ಲ ಸೇರಿದ್ದಾಗ ಹೆಡ್‌ಮಾಸ್ಟರು ನಾಲ್ಕು ಮಾತಾಡಿ ಎಂದರು. ನಾನು ನನ್ನ ಹೆಸರು ವತ್ಸಲಾ ಎಂದೆ, ಗಂಡ, ಮಗಳು ಎಂದೆ, ಸುಮ್ಮನಿರಲಾರದೆ "ಮಾಂಸ ತಿನ್ನುವುದಿಲ್ಲ" ಎಂದೂ ಸೇರಿಸಿದೆ. ಅವರು ಅದನ್ನು ಸ್ವಾಹಿಲಿಗೆ ತಿರುಗಿಸಿದರು. ಹಿಂದಿನಿಂದ ಒಬ್ಬ ಅಜ್ಜಿ ನಿಟ್ಟುಸಿರುಬಿಟ್ಟು "ಪೋಲೆ" ಎಂದರು. ಆಮೇಲೆ ಎಲ್ಲರೂ ಪೋಲೆ, ಪೋಲೆ ಎಂದರು. ಸ್ವಾಗತದ ಮಾತಿರಬೇಕು ಎಂದು ನಾನು ಕೈಮುಗಿದೆ. ಅದಕ್ಕೆ 'ಅಯ್ಯೋ ಪಾಪ' ಎಂದರ್ಥ ಎಂದು ತಿಳಿದದ್ದು ಆಮೇಲೆ.

ಆ ಅಜ್ಜಿಯ ಹೆಸರು ರೆಹೆಮಾ. ನನ್ನ ತರಗತಿಯ ನೇಮಾ ಅವರ ಮೊಮ್ಮಗಳು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳಿಬಿಟ್ಟು, ಮುಂದಿನದು ಎಲ್ಲಿ ಎಂಬಂತೆ ನೋಡುವ ಹುಡುಗಿ. ವಾರ ಕಳೆಯುವುದರೊಳಗೆ ಅಜ್ಜಿ ಕಂಕುಳಲ್ಲಿ ಒಂದು ಕೆಂಪು ಕೋಳಿ ಇಟ್ಟುಕೊಂಡು ನನ್ನ ಮನೆಬಾಗಿಲಿಗೆ ಬಂದರು. ಮಂಡಿ ಬಾಗಿಸಿ, ಎರಡೂ ಕೈಯಲ್ಲಿ ಅದನ್ನು ನೀಡಿದರು. ಜೊತೆಗಿದ್ದ ಹೆಡ್‌ಮಾಸ್ಟರು ವಿವರಿಸಿದರು. "ಇಲ್ಲಿ ನಿಮಗೆ ಯಾರೂ ಇಲ್ಲ. ಮಾಂಸ ತಂದುಕೊಡುವವರು ಇಲ್ಲದೆ ತಿನ್ನುತ್ತಿಲ್ಲ, ಶಕ್ತಿ ಇಲ್ಲದೆ ಪಾಠ ಹೇಗೆ ಮಾಡುತ್ತಾರೆ ಅನ್ನುತ್ತಿದ್ದಾರೆ." ಬೇಡ ಎನ್ನಲು ಬಾಯಿ ಬರಲಿಲ್ಲ. ತೆಗೆದುಕೊಂಡೆ. ಅವರು ಅತ್ತ ಹೋದದ್ದೇ ತಡ, ಕೋಳಿಯ ಕಾಲಿನ ಹಗ್ಗ ಬಿಚ್ಚಿ ಅಂಗಳಕ್ಕೆ ಬಿಟ್ಟು, ಒಂದು ಜೀವ ಉಳಿಸಿದ ಸಂತೋಷದಲ್ಲಿ ಎರಡು ತುತ್ತು ಮುದ್ದೆ ಹೆಚ್ಚಾಗಿಯೇ ಉಂಡೆ.

ಕೋಳಿ ಕೃತಜ್ಞತೆಯ ಪ್ರಾಣಿ ಎಂದು ನನಗೆ ಗೊತ್ತಿರಲಿಲ್ಲ. ಅದು ನಾನು ಹೋದಲ್ಲೆಲ್ಲ ಬರತೊಡಗಿತು. ಭಿನ್ನರಾಶಿ ಹೇಳಿಕೊಡುತ್ತಿದ್ದರೆ ತರಗತಿಯೊಳಗೆ ನುಗ್ಗಿ ಮೇಜಿನ ಕೆಳಗೆ ಕೂರುತ್ತಿತ್ತು. ಬೆಳಿಗ್ಗೆ ಎದುರಾದಾಗಲೆಲ್ಲ ಹೆಡ್‌ಮಾಸ್ಟರು, "ಮೇಡಂ, ನಿಮ್ಮ ಕೋಳಿ ಇನ್ನೂ ಓಡಾಡುತ್ತಿದೆ" ಎನ್ನುತ್ತಿದ್ದರು. ನಾನು ಹೊಗಳಿಕೆ ಎಂದುಕೊಂಡು, "ಹೌದು ಸಾರ್, ಗಟ್ಟಿಮುಟ್ಟಾಗಿದೆ" ಎನ್ನುತ್ತಿದ್ದೆ. ಅವರು ಏನೋ ಹೇಳಲು ಹೋಗಿ ನುಂಗಿಕೊಳ್ಳುತ್ತಿದ್ದರು.

ಒಂದು ಸೋಮವಾರ ನೇಮಾ ಬರಲಿಲ್ಲ. ಮಂಗಳವಾರವೂ ಇಲ್ಲ. ಜ್ವರವಿರಬಹುದೆಂದು ವಿಚಾರಿಸಿದರೆ ಹೆಡ್‌ಮಾಸ್ಟರು ಕೊನೆಗೂ ಬಾಯಿಬಿಟ್ಟರು. "ಅಜ್ಜಿಗೆ ನೋವಾಗಿದೆ ಮೇಡಂ. ತಿನ್ನಲಿ ಎಂದು ಕೊಟ್ಟ ಕೋಳಿ ಊರೆಲ್ಲ ಓಡಾಡುತ್ತಿದೆ. ನಮ್ಮ ಮನೆಯದು ಬೇಡ ಅನ್ನುವವರ ಪಾಠ ನಮ್ಮ ಮಗುವಿಗೆ ಬೇಡ ಅನ್ನುತ್ತಿದ್ದಾರೆ." ನಾನು ಜೀವ ಉಳಿಸಿದೆ ಎಂದು ಬೀಗುತ್ತಿದ್ದರೆ, ಅವಮಾನವನ್ನೇ ಸಾಕಿ, ಮುದ್ದೆ ಹಾಕಿ ಕೊಬ್ಬಿಸಿ, ಊರ ತುಂಬ ಮೆರವಣಿಗೆ ಮಾಡಿಸಿದ್ದೆ. ನೇಮಾ ಇಲ್ಲದ ತರಗತಿಯಲ್ಲಿ ಲೆಕ್ಕ ಬರೆದು ಹಿಂದೆ ತಿರುಗಿದರೆ ಯಾರೂ ಉತ್ತರ ಹೇಳುತ್ತಿರಲಿಲ್ಲ. ನನಗೆ ಅಳುವೇ ಬಂತು.

ಅಂದು ಸಂಜೆ ಶೋವ್ಡೆಗೆ ಫೋನ್ ಮಾಡಿದೆ.

"ಯಾರಿಗಾದ್ರೂ ಕೊಟ್ಬಿಡೇ ಆ ಕೋಳೀನ" ಎಂದರು ನಮ್ಮವರು.

"ಅದು ಯಾರ ಮನೇಲಿದ್ರೂ ನಂದೇ ಅಂತ ಊರಿಗೆಲ್ಲ ಗೊತ್ತು ಕಣ್ರೀ."

"ಹಂಗಾದ್ರೆ ಮೀಟಿಂಗ್ ಕರಿ. ಇಲ್ಲಿ ನಾವು ಹಂಗೇ ಮಾಡೋದು. ಎಲ್ರೂ ಕೂತು ಕಾಫಿ-ಕೇಕಿನ ಫೀಕಾ ಮಾಡಿ, ಎಲ್ರ ಒಪೀನಿಯನ್ ಕೇಳಿ, ಒಮ್ಮತಕ್ಕೆ ಬರೋದು."

"ಕೋಳೀನೂ ಕರೀಲಾ?" ಎಂದು ಫೋನ್ ಇಟ್ಟೆ. ಆದರೂ ಬೇರೆ ದಾರಿ ಕಾಣದೆ ಮರುದಿನ ಹೆಡ್‌ಮಾಸ್ಟರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೊರಟೆ.

ಎಷ್ಟೇ ಮುನಿಸಿದ್ದರೂ ಮನೆಗೆ ಬಂದವರು ಅತಿಥಿ. ನಮ್ಮನ್ನು ಕಂಡದ್ದೇ ಅಜ್ಜಿ ಯಾರನ್ನೋ ಕೂಗಿ ಏನೋ ಹೇಳಿದರು. ಅಂಗಳದಲ್ಲಿ ಕೋಳಿಗಳು ಚೆಲ್ಲಾಪಿಲ್ಲಿಯಾಗಿ ಓಡತೊಡಗಿದವು. ಅಯ್ಯೋ ಶಿವನೇ, ನನಗಾಗಿ ಇನ್ನೊಂದು! ನಾನು ಎರಡೂ ಕೈ ಅಗಲಿಸಿ ಕಬಡ್ಡಿ ಆಡುವವಳಂತೆ ಅಡ್ಡ ನಿಂತು ಗಡಗಡನೆ ಎಲ್ಲ ಹೇಳಿದೆ. ಬಡತನಕ್ಕಲ್ಲ, ಡಾಕ್ಟರು ಹೇಳಿದ್ದಕ್ಕೂ ಅಲ್ಲ, ನಿಮ್ಮ ಮೇಲಿನ ತಾತ್ಸಾರಕ್ಕಂತೂ ಅಲ್ಲವೇ ಅಲ್ಲ. ನಮ್ಮಮ್ಮ ತಿಂದಿಲ್ಲ, ನಮ್ಮಜ್ಜಿ ತಿಂದಿಲ್ಲ, ಅವರಜ್ಜಿಯೂ ತಿಂದಿಲ್ಲ. ಹೆಡ್‌ಮಾಸ್ಟರು ನನಗಿಂತ ಉದ್ದವಾಗಿ ಅನುವಾದ ಮಾಡಿದರು. ಅಜ್ಜಿಯ ಮುಖ ಮೆತ್ತಗಾಯಿತು.

"ಇಡೀ ವಂಶವೇ ತಿಂದಿಲ್ಲವಾ?"

"ಇಲ್ಲ."

ಅಜ್ಜಿ ನನ್ನ ಕೈ ಹಿಡಿದುಕೊಂಡು, ನಮ್ಮ ಹಿಂದಿನ ತಲೆಮಾರುಗಳನ್ನೆಲ್ಲ ನೆನೆದು, "ಪೋಲೆ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು. "ಮೊಟ್ಟೆ?"

ಇಲ್ಲೇ ನಾನು ಸಿಕ್ಕಿಬಿದ್ದೆ. ಸ್ವೀಡನ್ನಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಒಂದು ಅಲಿಖಿತ ಕಾನೂನಿದೆ. ಕೇಕಿನೊಳಗೆ ಕಣ್ಣಿಗೆ ಕಾಣದಂತೆ ಕಲಸಿಹೋದ ಮೊಟ್ಟೆ ಮೊಟ್ಟೆಯಲ್ಲ. ಆ ಕಾನೂನಿನಡಿ ನಾನು ಫೀಕಾದಲ್ಲಿ ತಿಂದ ಕೇಕುಗಳಿಗೆ ಲೆಕ್ಕವಿಲ್ಲ. ಆದರೆ ಇಡೀ ಮೊಟ್ಟೆಯನ್ನು ಮುಟ್ಟಿದವಳಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ನೇಮಾ ನಿಂತಿದ್ದಳು. ಅದೇ ಹಳೆಯ ನೋಟ, ಉತ್ತರ ತನಗೆ ಗೊತ್ತು, ಬೋರ್ಡಿನ ಮೇಲೆ ಬರುವುದಕ್ಕೆ ಕಾಯುತ್ತಿದ್ದೇನೆ ಎಂಬಂತೆ. "ತಿನ್ನುತ್ತೇನೆ" ಎಂದುಬಿಟ್ಟೆ.

ಬೇಯಿಸಿದ ಮೊಟ್ಟೆ ಬಂತು. ಅಜ್ಜಿ ಮಂಡಿಗೆ ಮಂಡಿ ತಗಲುವಂತೆ ಎದುರು ಕೂತರು. ನಾನು ಕಣ್ಣು ಮುಚ್ಚಿ, ತುಂಡು ಮಾಡಿ, ಮುದ್ದೆಯಂತೆಯೇ ಗುಳುಕ್ಕನೆ ನುಂಗಿದೆ. ಅಜ್ಜಿ ನನ್ನ ಬೆನ್ನಿಗೆ ಗುದ್ದಿ ಗಹಗಹಿಸಿ ನಕ್ಕರು. ನೇಮಾಳೂ ನಕ್ಕಳು. ಮರುದಿನ ಬೆಳಿಗ್ಗೆ ಅವಳು ಮುಂದಿನ ಬೆಂಚಿನಲ್ಲಿದ್ದಳು. ಕೈಯಲ್ಲಿ ನನಗೊಂದು ಮೊಟ್ಟೆಯೂ ಇತ್ತು. ಆಮೇಲೆ ನಾನು ಹೊರಡುವವರೆಗೂ ಅವಳೂ ತಪ್ಪಿಸಲಿಲ್ಲ, ಮೊಟ್ಟೆಯೂ ತಪ್ಪಲಿಲ್ಲ.

ಶೋವ್ಡೆಗೆ ಮರಳಿದ ಮೇಲೆ ಸಂಘದವರು ಒಂದು ಫೀಕಾ ಇಟ್ಟುಕೊಂಡರು. ಕನ್ನಡದವರೂ ಬಂದಿದ್ದರು. ನಾನು ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಹಳ್ಳಿಗೆ ನಾನು ಏನೇನು ಕೊಟ್ಟೆ ಎಂಬ ಬಗ್ಗೆ ಫೋಟೊ ಸಮೇತ ಅರ್ಧ ಗಂಟೆ ಕೊರೆದೆ. ಕೊನೆಯಲ್ಲಿ ಹೆಡ್‌ಮಾಸ್ಟರು ವಿಡಿಯೊದಲ್ಲಿ ಬಂದರು. ನೇಮಾ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು ಎಂದಾಗ ಎಲ್ಲರಿಗಿಂತ ಮೊದಲು ನಾನೇ ಚಪ್ಪಾಳೆ ತಟ್ಟಿದೆ. ಈಗ ನನ್ನ ಪರೋಪಕಾರದ ಮಾತು ಬರುತ್ತದೆ ಎಂದು ಸೆರಗು ಸರಿಮಾಡಿಕೊಂಡು ಕೂತೆ.

"ಮೇಡಂ ಬಂದಾಗ ಬಹಳ ಕಷ್ಟದಲ್ಲಿದ್ದರು" ಎಂದರು ಅವರು, ಸಭೆಗೆಲ್ಲ ಕೇಳುವಂತೆ. "ತಲೆಮಾರುಗಳಿಂದ ಅವರ ವಂಶದಲ್ಲಿ ಯಾರಿಗೂ ಮಾಂಸ ಸಿಕ್ಕಿರಲಿಲ್ಲ. ನಮ್ಮದು ಚಿಕ್ಕ ಹಳ್ಳಿ, ನಾವು ಕೈಲಾದದ್ದು ಮಾಡಿದೆವು. ಇಷ್ಟು ಕಡಿಮೆ ಅವಧಿಯಲ್ಲಿ ಅವರನ್ನು ಮೊಟ್ಟೆಯವರೆಗೆ ತಂದಿದ್ದೇವೆ. ಇನ್ನೊಂದು ವರ್ಷ ಕಳಿಸಿಕೊಟ್ಟರೆ ಕೋಳಿಯವರೆಗೂ ತರುತ್ತೇವೆ."

ಕನ್ನಡದವರ ಸಾಲಿನಿಂದ ಯಾರೋ "ಮೊಟ್ಟೇನಾ?" ಎಂದದ್ದು ಕೇಳಿಸಿತು. ಸ್ವೀಡನ್ನಿನವರು ಮಾತ್ರ ಗಂಭೀರವಾಗಿ ತಲೆಯಾಡಿಸಿದರು, ಎಲ್ಲರ ಅಭಿಪ್ರಾಯ ಕೇಳಿದರು, ಮುಂದಿನ ಚಳಿಗಾಲಕ್ಕೂ ನನ್ನನ್ನೇ ಕಳಿಸುವುದೆಂದು ಒಮ್ಮತಕ್ಕೆ ಬಂದರು. ಹಳ್ಳಿಯವರು ಅಷ್ಟು ಕಷ್ಟಪಟ್ಟು ಶುರುಮಾಡಿದ ಪರೋಪಕಾರ ಅರ್ಧಕ್ಕೆ ನಿಲ್ಲಬಾರದಂತೆ.