ಗುಳ್ಳೆ ತೋರಿಸಿ ಕೆಟ್ಟೆ

ಕಣ್ಣಾರೆ ತೋರಿಸಿದರೆ ಯಾರಾದರೂ ಒಪ್ಪುತ್ತಾರೆ ಎಂಬುದು ವಿಜ್ಞಾನ ಓದಿದವರ ಮೂಢನಂಬಿಕೆ. ನನಗೂ ಅದು ಇತ್ತು, ಬಲವಾಗಿಯೇ ಇತ್ತು. ಹುಣಸೂರಿನ ಕಾಲೇಜಿನಲ್ಲಿ ನಾನು ಪ್ರಯೋಗಶಾಲೆ ನೋಡಿಕೊಳ್ಳುವವನು. ಸಂಜೆ ಹುಡುಗರು ಹೋದ ಮೇಲೆ, ಮೊಟ್ಟೆಯ ಹಳದಿಯಿಂದ ತೆಗೆದ ಕೊಬ್ಬನ್ನು ಗಾಜಿನ ಮೇಲೆ ಒಣಗಿಸಿ, ನೀರು ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೆ. ಆ ಕೊಬ್ಬು ತಾನಾಗಿಯೇ ತೆಳ್ಳನೆಯ ತೊಗಲಾಗಿ, ಒಳಗೆ ನೀರು ತುಂಬಿಕೊಂಡು ದುಂಡನೆಯ ಗುಳ್ಳೆಗಳಾಗುತ್ತದೆ. ಹೊರಗೆ ಒಂದು ಹನಿ ಸಕ್ಕರೆ ನೀರು ಬಿಟ್ಟರೆ ಒಳಗಿನ ನೀರು ಸೋರಿ, ತೊಗಲು ಸಡಿಲವಾಗುತ್ತದೆ. ಆಗ ಗುಳ್ಳೆ ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ, ಅಪರೂಪಕ್ಕೆ ಕತ್ತರಿಸಿಕೊಂಡು ಎರಡಾಗುತ್ತದೆ. ದಿನವೂ ತಾರೀಕು ಹಾಕಿ, ಗೀಟು ಎಳೆದು ಲೆಕ್ಕವಿಡುತ್ತಿದ್ದೆ. ನಡು ಸಣ್ಣಗಾಗಿ ಅಲ್ಲಿಗೇ ನಿಂತವೇ ಬಹುಪಾಲು. ಆ ಲೆಕ್ಕ ನನಗೆ ಧೈರ್ಯ ಕೊಟ್ಟಿತ್ತು. ಏಕೆಂದರೆ ಹನಗೋಡಿನ ನಮ್ಮ ಮನೆಯ ನಡುವೂ ಸಣ್ಣಗಾಗುತ್ತಿತ್ತು.

ಅಪ್ಪ ಹೋದ ಮೇಲೆ ಅಣ್ಣ ಬೇರೆ ಒಲೆ ಹೂಡುವ ಮಾತು ತೆಗೆದಿದ್ದ. ಅವ್ವ ಯಾವ ಒಲೆಯ ಮುಂದೆ ಕೂರುತ್ತಾಳೆಂದು ಯಾರೂ ಹೇಳುತ್ತಿರಲಿಲ್ಲ. ನನ್ನ ಚಿಂತೆಯೆಲ್ಲ ಅದೊಂದೇ. ಬಸುರಿ ಅತ್ತಿಗೆ ಮಾತ್ರ ನಾನು ಮೊಟ್ಟೆ ಕೇಳಿದಾಗೆಲ್ಲ, "ತಿನ್ನಕಲ್ಲ, ನೋಡಕಂತೆ! ನಮ್ ಮೈದ್ನೋರು ಕಾವಿಗೆ ಕೂತವ್ರೆ," ಎಂದು ನಗುತ್ತಿದ್ದರು.

ಸಂತೆಗೆ ಬಂದ ಅಣ್ಣನನ್ನು ಕಾಲೇಜಿಗೆ ಕರೆತಂದೆ. ಬೇರೆಯಾಗುವುದು ಎಂಥ ಸಂಕಟದ ಕೆಲಸವೆಂದು ಅವನು ಕಣ್ಣಾರೆ ನೋಡಲಿ ಎಂದು. ಅಣ್ಣ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಬಗ್ಗಿದ.

"ಏನೂ ಕಾಣಕಿಲ್ಲ ಕಣ್ಲಾ. ನನ್ ರೆಪ್ಪೆನೇ ಕಾಣ್ತದೆ."

ತಿರುಪು ತಿರುಗಿಸಿ, ಒಂದು ಹನಿ ಸಕ್ಕರೆ ನೀರು ಬಿಟ್ಟೆ.

"ಹ್ಞಾ, ಉದ್ದ ಆಯ್ತದೆ... ನಡ ಕಟ್ಕತು..."

"ಒಳಗಿಂದು ಖಾಲಿಯಾದ್ರೇ ಹಿಂಗಾಗೋದು ಅಣ್ಣ. ವಸಿ ತಾಳಿದ್ರೆ ಅಲ್ಲಿಗೇ ನಿಂತ್ಕತದೆ," ಎಂದು ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣ ಶುರುಮಾಡಿದೆ.

"ಎಳ್ಡಾಯ್ತು!" ಎಂದು ಅಣ್ಣ ಕೂಗಿದ. "ಒಂದು ತೊಟ್ಟೂ ಚೆಲ್ಲಲಿಲ್ಲ ಕಣ್ಲಾ! ಒಡ್ದೋಯ್ತದೆ ಅನ್ಕಂಡಿದ್ದೆ. ಎಳ್ಡೂ ನೆಟ್ಟಗೇ ಅವೆ!"

ಸಂಜೆಗಟ್ಟಲೆ ಕಾದರೂ ಕಾಣದ ದೃಶ್ಯ ಅವನಿಗೆ ಮೊದಲ ನೋಟಕ್ಕೇ ಕಂಡಿತ್ತು. ಅಪ್ಪ ಹೋದಂದಿನಿಂದ ಬಾಡಿದ್ದ ಅವನ ಮುಖ ಅರಳಿತು. ಬೇರೆಯಾಗಲು ಅವನೂ ಹೆದರಿದ್ದನೆಂದು ನನಗೆ ತಿಳಿದದ್ದೇ ಆಗ; ಆ ಹೆದರಿಕೆಯನ್ನು ನಾನೇ ಕೈಯಾರೆ ಬಿಡಿಸಿದ್ದೆ. ಅಣ್ಣ ನೇರ ಸಂತೆಗೆ ಹೋಗಿ ಹೊಸ ಮಡಕೆ ಕೊಂಡ.

ಮದುವೆಯಾಗದ ಮಗನ ಜೊತೆ ತಾಯಿ ಉಳಿಯುವುದು ನಮ್ಮ ಕಡೆಯ ರೂಢಿ. ಕೊನೆಗೆ ಅದನ್ನೇ ನೆಚ್ಚಿಕೊಂಡೆ. ಹೊಸ ಒಲೆಗೆ ಹಳೆಯ ಒಲೆಯ ಕೆಂಡ ಹೋಗಬೇಕೆಂಬುದೂ ರೂಢಿಯೇ. ಅವ್ವ ಮಡಕೆಯ ಓಡಿನಲ್ಲಿ ಕೆಂಡ ಹಾಕಿಕೊಂಡು ಅಂಗಳದಾಚೆ ಅಣ್ಣ ಹೂಡಿದ್ದ ಒಲೆಗೆ ಹೋದಳು. ಹಿಂದಿರುಗಲಿಲ್ಲ.

ಹೋಗಿ ಕೇಳಿದರೆ, "ಬಸ್ರಿ ಎಂಗ್ಸ ಎಂಗಪ್ಪಾ ಬುಟ್ಬರ್ಲಿ? ನೀನು ಓದ್ದೋನು, ಎಂಗೋ ಮಾಡ್ಕತೀಯ," ಎಂದಳು.

ಆ ಸಂಜೆ ನಾನೇ ಮುದ್ದೆ ತೊಳಸಿದೆ. ಮೇಲೆ ದುಂಡಗೆ ಬಂತು. ಮುರಿದರೆ ಒಳಗೆಲ್ಲ ಹಸಿ ಹಿಟ್ಟು. ಅಂಗಳದಾಚೆಯಿಂದ ಅವ್ವ ಕೂಗಿದಳು:

"ಮುದ್ದೆ ಬೆಂತೇನ್ಲಾ ಮಗ?"

"ಬೆಂತು ಕಣವ್ವ."

"ಗಂಟಿಲ್ವಾ?"

"ಇಲ್ಲ ಕಣವ್ವ."

ಎಲ್ಲಿ ಎದ್ದು ಬಂದು ನೋಡಿಬಿಡುತ್ತಾಳೋ ಎಂದು ಹೆದರಿ ಬಾಗಿಲು ಹಾಕಲು ಎದ್ದೆ. ಬಂದರೂ ಬರಲಿ ಎಂದು ಬಾಗಿಲನ್ನು ಅರ್ಧಕ್ಕೇ ಬಿಟ್ಟೆ.