ಕಿವಿಗೆ ಹಿತವಾದ ಪ್ರಸಂಗ

ರಿಪೇರಿಯಾಗಿ ಬಂದಿದ್ದ ಪಕ್ಕದ ಮನೆ ಅಜ್ಜಿಯ ಕಿವಿ ಮೆಷಿನ್ನನ್ನು ಜೇಬಿಗೆ ಹಾಕಿಕೊಂಡು, ಆರಾಧನೆಗೆ ಮುಂಚೆಯೇ ಕೊಟ್ಟುಬಿಡೋಣವೆಂದು ಪಾದ್ರಿಗಳು ಬಿರಬಿರನೆ ಹೊರಟಿದ್ದರು. ಚರ್ಚಿನ ಗೇಟಿನಲ್ಲೇ ದಿನಸಿ ಅಂಗಡಿಯ ಯಜಮಾನರು ಅಡ್ಡ ಬಂದರು.

“ಪಾದ್ರಿಗಳೇ, ಇವತ್ತಾದ್ರೂ ಬೈಬೇಡಿ. ವಾರವೆಲ್ಲ ದುಡಿದು ಬಂದಿರ್ತೀವಿ. ಒಂದೆರಡು ಒಳ್ಳೆ ಮಾತು ಆಡಿ ಕಳಿಸಿ.”

ಹಿಂದೆಯೇ ಟೈಲರಮ್ಮ. “ಪಾಪ, ಪಶ್ಚಾತ್ತಾಪ ಎಲ್ಲ ಇನ್ನೊಂದು ವಾರಕ್ಕೆ ಇಟ್ಕೊಳ್ಳಿ. ಆಚೆ ಬೀದಿ ಚರ್ಚಲ್ಲಿ ಬರೀ ಆಶೀರ್ವಾದವಂತೆ, ಕಾಲಿಡೋಕೂ ಜಾಗ ಇಲ್ವಂತೆ.”

ಪಾದ್ರಿಗಳು ಒಲೆಯ ಮೇಲಿನ ಹಾಲಿನಂತೆ ಉಕ್ಕಿದರು. ಹೊರಟ ಕೆಲಸವೇ ಮರೆತುಹೋಯಿತು. ಉಪದೇಶದ ಪ್ರಸಂಗಕ್ಕೆಂದು ಪೀಠ ಹತ್ತಿದವರೇ, ಬೈಬಲ್ಲು ಹೇಳುವ ಸ್ವಸ್ಥಬೋಧನೆ ಬಿಟ್ಟು ಕಿವಿಗೆ ಹಿತವಾದದ್ದನ್ನೇ ಹುಡುಕುವವರ ಮೇಲೆ ಮುಗಿಬಿದ್ದರು. ಮೋಸದ ತಕ್ಕಡಿಯನ್ನೂ ಬಿಡಲಿಲ್ಲ, ಚಾಡಿ ಹೇಳುವ ನಾಲಿಗೆಯನ್ನೂ ಬಿಡಲಿಲ್ಲ. ಒಬ್ಬರಿಗಾದರೂ ನಾಟಲಿ ಎಂಬುದೊಂದೇ ಆ ಬಡಪಾಯಿಯ ಆಸೆ. ಮುಂದಿನ ಬೆಂಚಿನಲ್ಲಿ ಅಜ್ಜಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಅವರು ದನಿಯನ್ನು ಇನ್ನಷ್ಟು ಏರಿಸಿದರು.

ಆರಾಧನೆ ಮುಗಿಯಿತು. ಯಜಮಾನರು ಬಂದು ಕೈ ಕುಲುಕಿದರು. “ಚಾಡಿ ವಿಷಯ ಭೇಷ್! ಟೈಲರಮ್ಮನಿಗೆ ಸರಿಯಾಗಿ ಮುಟ್ಟಿರುತ್ತೆ.”

ಟೈಲರಮ್ಮ ಮೆಲ್ಲಗೆ ಪಿಸುಗುಟ್ಟಿದರು. “ಆ ತಕ್ಕಡಿ ಮಾತು ಬೇಕಿತ್ತು ಬಿಡಿ. ಅಂಗಡಿಯವರ ಮುಖ ನೋಡಿದ್ರಾ?”

ಪಾದ್ರಿಗಳು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. “ನೀನಾದ್ರೂ ಹೇಳು, ಪ್ರಸಂಗ ಹೇಗಿತ್ತು?”

“ಹೇಳಿದ್ದೆಲ್ಲ ನಿಜ ರೀ,” ಎಂದರು ಹೆಂಡತಿ, ನೀರಿನ ಲೋಟ ಕೈಗಿಡುತ್ತಾ. “ಆದ್ರೆ ಸಿಟ್ಟು ತೀರಿಸ್ಕೊಂಡ ಹಾಗಿತ್ತು. ಪ್ರೀತಿ ಕಾಣ್ಲಿಲ್ಲ.”

“ಒಂದೆರಡು ಒಳ್ಳೆ ಮಾತು ಆಡಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಮುಖ ಊದಿಸಿಕೊಂಡು ಪಾದ್ರಿಗಳು ನೇರ ಪಕ್ಕದ ಮನೆಗೆ ನಡೆದರು.

ಅಜ್ಜಿ ಬಾಗಿಲಲ್ಲೇ ಅವರ ಕೆನ್ನೆ ಸವರಿದರು. “ಎಂಥಾ ಪ್ರಸಂಗ ಮಗಾ! ಅಳು ತಡೆಯೋಕೇ ಆಗ್ಲಿಲ್ಲ.”

ಪಾದ್ರಿಗಳು ಉಬ್ಬಿಹೋದರು. ಒದ್ದೆಯಾದ ಕಣ್ಣೊರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರು. ಸಿಕ್ಕಿದ್ದು ಕಿವಿ ಮೆಷಿನ್ನು.

ಕೊಡದೆ ವಿಧಿಯಿರಲಿಲ್ಲ, ಕೊಟ್ಟರು. ಆದರೆ ಅದಕ್ಕೆ ಮುಂಚೆ ಕೈಸನ್ನೆ ಮಾಡಿ, ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡರು.

ಅಜ್ಜಿ ಮೆಷಿನ್ನು ಸಿಕ್ಕಿಸಿಕೊಂಡರು. “ನೀನು ಅಷ್ಟು ಕೂಗಾಡೋದು ನೋಡಿ, ಪಾಪ, ಹಸಿದ ಹೊಟ್ಟೇಲಿ ಬಂದಿದೀಯೇನೋ ಅಂತ ಕರುಳು ಚುರುಕ್ ಅಂತು. ಈಗ ಹೇಳು ಮಗಾ, ಅದೇನು ಹೇಳ್ದೆ?”

ಪಾದ್ರಿಗಳು ನೆಲ ನೋಡಿದರು. “ಕಿವಿಗೆ ಹಿತವಾಗಿದ್ದನ್ನೇ ಹುಡುಕ್ಕೊಂಡು ಹೋಗ್ಬಾರ್ದು ಅಂತ, ಅಜ್ಜಿ.”

“ಅಯ್ಯೋ, ಹಾಗೆ ಹೋಗೋರು ಯಾರಪ್ಪಾ?” ಎನ್ನುತ್ತಾ ಅಜ್ಜಿ ಅವರಿಗೆ ಕುರ್ಚಿ ಎಳೆದು ಹಾಕಿದರು.